‘ಇಂದು ಬೆಟ್ಟ ಬೇಡ’ ಎನ್ನುವ ಅಧಿಕಾರ

ಪರ್ವತದ ಹವೆ ಯಾರ ಅನುಕೂಲವನ್ನೂ ಕೇಳಿ ಬದಲಾಗುವುದಿಲ್ಲವೆಂಬುದು ಎಲ್ಲರೂ ಒಪ್ಪತಕ್ಕ ಮಾತು; ಆದರೂ ಬೆಟ್ಟ ನೋಡಲು ಹೊರಟವರ ಸಿದ್ಧತೆಯಲ್ಲಿ ಆ ಮಾತಿಗೆ ಎಡೆಯೇ ಇರುವುದಿಲ್ಲ. ರಜೆಯ ದಿನ ತಿಂಗಳ ಮೊದಲೇ ಗೊತ್ತಾಗಿರುತ್ತದೆ, ವಾಹನ ಗೊತ್ತಾಗಿರುತ್ತದೆ, ಜೊತೆಗಾರರು, ಊಟದ ಜಾಗ, ಹಿಂದಿರುಗುವ ವೇಳೆ, ಎಲ್ಲವೂ ಗೊತ್ತಾಗಿರುತ್ತವೆ, ಗೊತ್ತಾಗದೆ ಉಳಿದಿರುವುದು ಆಕಾಶವೊಂದೇ. ಉಳಿದುದೆಲ್ಲ ನಿಶ್ಚಿತವಾಗಿರುವಾಗ ಈ ಅನಿಶ್ಚಿತವೊಂದು ತನಗೆ ಅಡ್ಡಬರಕೂಡದೆಂದು ಮನುಷ್ಯ ಬಯಸುವುದು ಸಹಜವೇ ಸರಿ. ಆದರೆ ಸಹಜವಾದುದೆಲ್ಲ ವಿವೇಕವಾಗುವುದಿಲ್ಲ. ಮೋಡ ಕವಿದ ದಿನ ಬೆಟ್ಟದೂರಿಗೆ ಬಂದವನು ಹತ್ತಬೇಕೆ, ಕಾಯಬೇಕೆ, ಹಿಂದಿರುಗಬೇಕೆ ಎಂಬುದನ್ನು ನಿರ್ಣಯಿಸತಕ್ಕವರು ಯಾರು ಎಂಬ ಪ್ರಶ್ನೆ ಈ ಕಾರಣದಿಂದ ಕೇವಲ ಪ್ರವಾಸಿಯ ವಿನೋದಕ್ಕೆ ಸಂಬಂಧಿಸಿದುದಲ್ಲ. ಅದು ಪ್ರಾಣಕ್ಕೂ ಜೀವನೋಪಾಯಕ್ಕೂ ಸಂಬಂಧಿಸಿದುದು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು: ಆ ನಿರ್ಣಯ ಬೆಟ್ಟದ ಬುಡದ ಊರಿನವರದಾಗಬೇಕು, ಮತ್ತು ಅವರು ‘ಬೇಡ’ ಎಂದ ದಿನವೂ ಅವರ ಮನೆಯ ಒಲೆ ಉರಿಯುವಂತಿರಬೇಕು. ಈ ಎರಡರಲ್ಲಿ ಒಂದನ್ನು ಮಾತ್ರ ಕೊಟ್ಟು ಇನ್ನೊಂದನ್ನು ಕೊಡದಿದ್ದರೆ ಕೊಟ್ಟದ್ದೂ ನಿಲ್ಲುವುದಿಲ್ಲ.

ಪರ್ವತವೆಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಹಿಮಾಲಯವೋ, ಯೂರೋಪಿನ ಆಲ್ಪ್ಸ್ ಶ್ರೇಣಿಯೋ ಆಗಿರುತ್ತದೆ; ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಬೆಟ್ಟಗಳು ಅವುಗಳ ಪಕ್ಕದಲ್ಲಿ ಹೆಸರೆತ್ತುವಂತಹವಲ್ಲವೆಂಬ ಭಾವನೆ ಸಾಮಾನ್ಯವಾಗಿದೆ. ಆಲ್ಪ್ಸಿನ ಮೋಂಬ್ಲಾಂ ಶಿಖರ 4,800 ಮೀಟರುಗಳನ್ನು ಮೀರಿ ನಿಂತಿದ್ದರೆ ಮಾಗಡಿಯ ಸಾವನದುರ್ಗದ ಎತ್ತರ ಸಮುದ್ರಮಟ್ಟದಿಂದ 1,226 ಮೀಟರು ಮಾತ್ರ. ರಾಮದೇವರ ಬೆಟ್ಟ, ರೇವಣಸಿದ್ಧೇಶ್ವರ ಬೆಟ್ಟ, ಹಂದಿಗುಂದಿ ಬೆಟ್ಟ, ಕೂಡೂರಿನ ಬಳಿಯ ಭೈರವದುರ್ಗ, ಕನಕಪುರದ ಕಬ್ಬಾಳದುರ್ಗ ಮೊದಲಾದುವು ಅದಕ್ಕಿಂತಲೂ ಚಿಕ್ಕವು. ಬೆಳಿಗ್ಗೆ ಬೆಂಗಳೂರಿನಲ್ಲಿ ಕಾಫಿ ಕುಡಿದು ಹೊರಟವರು ಹತ್ತಿ ಇಳಿದು ಮಧ್ಯಾಹ್ನದ ಊಟಕ್ಕೆ ಮನೆಗೆ ಮರಳಬಹುದು. ಈ ಸಾಮೀಪ್ಯವೇ ಅಲಕ್ಷ್ಯವನ್ನು ಹುಟ್ಟಿಸುತ್ತದೆ. ಹಿಮಾಲಯಕ್ಕೆ ಹೋಗುವವನು ಹವೆಯನ್ನು ವಿಚಾರಿಸಿಕೊಂಡೇ ಹೋಗುತ್ತಾನೆ. ಸಾವನದುರ್ಗಕ್ಕೆ ಹೋಗುವವನು ಚಪ್ಪಲಿಯನ್ನು ಸಹ ವಿಚಾರಿಸುವುದಿಲ್ಲ. ಅಪಾಯವನ್ನು ಎತ್ತರದಿಂದ ಅಳೆಯುವ ಈ ಅಭ್ಯಾಸ ತಪ್ಪೆಂಬುದಕ್ಕೆ ಆ ಬೆಟ್ಟಗಳ ಕಲ್ಲೇ ಸಾಕ್ಷಿ.

ಆ ಕಲ್ಲಿನ ಸ್ವಭಾವವನ್ನು ಸ್ವಲ್ಪ ನೋಡಬೇಕು. ರಾಮನಗರಕ್ಕೆ ಹಿಂದೆ ಇದ್ದ ಕ್ಲೋಸ್‌ಪೇಟೆ ಎಂಬ ಹೆಸರು, ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟನಾಗಿದ್ದ ಬ್ಯಾರಿ ಕ್ಲೋಸನಿಂದ ಬಂದುದು. ಊರು ಆ ಹೆಸರನ್ನು ಬಿಟ್ಟರೂ ಭೂವಿಜ್ಞಾನಿಗಳು ಬಿಟ್ಟಿಲ್ಲ. ಇಲ್ಲಿಂದ ಉತ್ತರಕ್ಕೆ ಬಳ್ಳಾರಿಯ ಸೀಮೆಯವರೆಗೆ ಹಬ್ಬಿರುವ ಕ್ಲೋಸ್‌ಪೇಟ್ ಗ್ರ್ಯಾನೈಟ್, ಸುಮಾರು 250 ಕೋಟಿ ವರ್ಷಗಳ ಹಿಂದೆ ಭೂಗರ್ಭದಲ್ಲಿ ದ್ರವವಾಗಿದ್ದು ಘನೀಭವಿಸಿ, ಮೇಲಣ ಪದರಗಳೆಲ್ಲ ಕಾಲಕ್ರಮದಲ್ಲಿ ಸವೆದುಹೋದ ಮೇಲೆ ಹೊರಗೆ ಕಾಣಿಸಿಕೊಂಡ ಶಿಲೆ. ಅದು ಹೆಬ್ಬಂಡೆಗಳಾಗಿ, ಬೋಳು ಗುಮ್ಮಟಗಳಾಗಿ ನಿಲ್ಲುತ್ತದೆ; ಬೇರು ಹಿಡಿಯಲು ಮಣ್ಣಿಲ್ಲ, ನೀರು ಇಂಗಲು ತೆರಪಿಲ್ಲ. ಒಣಗಿದ ದಿನ ಈ ಕಲ್ಲಿನಂತಹ ನಂಬಿಕೆಯ ನೆಲ ಬೇರೊಂದಿಲ್ಲ. ಅದರ ಒರಟು ಹರಳುಗಳು ಕಾಲನ್ನು ಹಿಡಿದಂತೆ ಹಿಡಿಯುತ್ತವೆ. ಆದರೆ ಬಂಡೆಯ ಮೈಮೇಲೆ ಮೇಲಿಂದ ಕೆಳಕ್ಕೆ ಉದ್ದುದ್ದನೆಯ ಕಪ್ಪು ಪಟ್ಟೆಗಳು ಇಳಿದಿರುವುದನ್ನು ನೋಡಿರುವಿರಷ್ಟೆ. ಅವು ಮಳೆನೀರು ವರ್ಷವರ್ಷವೂ ಹರಿದ ದಾರಿಗಳು. ಅಲ್ಲಿ ಕಣ್ಣಿಗೆ ಕಾಣದಷ್ಟು ತೆಳುವಾಗಿ ಪಾಚಿ, ಕಲ್ಲುಹೂಗಳು ಅಂಟಿಕೊಂಡಿರುತ್ತವೆ. ಬಿಸಿಲಿನಲ್ಲಿ ಆ ಪದರ ಸುಕ್ಕಿ ಒಣಪುಡಿಯಂತೆ ಬಿದ್ದಿರುತ್ತದೆ. ಹತ್ತು ಹನಿ ಬಿದ್ದೊಡನೆ ನೀರು ಹೀರಿ ಉಬ್ಬಿ, ಲೋಳೆಯಾಗಿ, ಬೂಟಿನ ಅಟ್ಟೆಗೂ ಕಲ್ಲಿಗೂ ನಡುವೆ ಸೇರಿಕೊಳ್ಳುತ್ತದೆ. ಹತ್ತುವಾಗ ಒಣಗಿದ್ದ ಬಂಡೆ ಇಳಿಯುವಾಗ ಬೇರೆ ಬಂಡೆಯೇ ಆಗಿಬಿಟ್ಟಿರುತ್ತದೆ. ಹತ್ತುವವನ ಮುಖ ಕಲ್ಲಿನ ಕಡೆಗಿದ್ದರೆ ಇಳಿಯುವವನ ಮುಖ ಪ್ರಪಾತದ ಕಡೆಗಿರುತ್ತದೆ. ಡಿಸೆಂಬರಿನ ಮುಂಜಾವಿನ ಮಂಜಿನಲ್ಲಾದರೋ, ದಾರಿ ತೋರಿಸಲೆಂದು ಬಂಡೆಯ ಮೇಲೆ ಬಳಿದ ಬಾಣದ ಗುರುತುಗಳು ಹತ್ತು ಮಾರಿನಾಚೆ ಕಾಣುವುದಿಲ್ಲ. ಕಲ್ಲಿನ ಇಳಿಜಾರು ಎಲ್ಲ ಕಡೆಯೂ ಒಂದೇ ಸಮನಾಗಿ ಕಾಣುವುದರಿಂದ, ದಾರಿಯೆಂದು ನಂಬಿ ಇಳಿದದ್ದು ಕೊನೆಗೆ ಗೋಡೆಯಾಗಿ ಮುಗಿಯುವುದುಂಟು.

ಈ ಬೆಟ್ಟಗಳ ಮಳೆಯೂ ಒಂದು ವಿಶೇಷ ಜಾತಿಯದು. ಮಲೆನಾಡಿನಲ್ಲಿ ಮಳೆ ತಾನು ಬರುತ್ತೇನೆಂದು ಹೇಳಿ ಬರುತ್ತದೆ. ಬಂದ ಮೇಲೆ ದಿನಗಟ್ಟಲೆ ನಿಲ್ಲುತ್ತದೆ. ಅದರೊಡನೆ ಜೀವನವನ್ನು ಹೊಂದಿಸಿಕೊಳ್ಳಲು ಸಾಧ್ಯವುಂಟು. ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಮಳೆ ಕಾಣುವ ಈ ಬಯಲುಸೀಮೆಯಲ್ಲಿ ಅದು ಗುಡುಗಿನೊಡನೆ ಬಂದು ಗಳಿಗೆಯೊಳಗೆ ಸುರಿದು ಹೋಗುತ್ತದೆ. ಏಪ್ರಿಲ್ ಮೇ ತಿಂಗಳುಗಳಲ್ಲಿ, ಅಂದರೆ ಅಶ್ವಿನಿ, ಭರಣಿ, ಕೃತ್ತಿಕೆಯ ಮಳೆಗಳ ಕಾಲದಲ್ಲಿ, ಮತ್ತೆ ಸೆಪ್ಟೆಂಬರ್ ಅಕ್ಟೋಬರುಗಳಲ್ಲಿ, ಬೆಳಗಿನ ನಿರ್ಮಲವಾದ ಆಕಾಶವೇ ಮಧ್ಯಾಹ್ನದ ಬಿರುಮಳೆಗೆ ಪೀಠಿಕೆಯಾಗುವುದುಂಟು. ಅದರ ಕಾರಣ ಸರಳವಾದುದು. ಬೋಳುಬಂಡೆ ಬಿಸಿಲಿಗೆ ಕಾಯುತ್ತದೆ. ಅದಕ್ಕೆ ತಾಕಿದ ಗಾಳಿ ಹಗುರಾಗಿ ಮೇಲೇಳುತ್ತದೆ. ರಾಮದೇವರ ಬೆಟ್ಟದ ಬಿರುಕುಗಳಲ್ಲಿ ಗೂಡು ಕಟ್ಟುವ ಉದ್ದಕೊಕ್ಕಿನ ರಣಹದ್ದುಗಳು ಬೆಳಿಗ್ಗೆ ಬಂಡೆಯ ಅಂಚಿನಲ್ಲಿ ಸುಮ್ಮನೆ ಕುಳಿತಿದ್ದು, ಹೊತ್ತೇರಿದ ಮೇಲೆ ರೆಕ್ಕೆ ಬಡಿಯದೆಯೇ ಸುತ್ತುತ್ತ ಮೇಲಕ್ಕೇರುವುದು ಈ ಏರುಗಾಳಿಯ ಬಲದಿಂದಲೇ. ಅವುಗಳನ್ನು ಹತ್ತು ಗಂಟೆಗೆ ಎತ್ತಿ ತೇಲಿಸಿದ ಗಾಳಿಯೇ, ತೇವವಿದ್ದ ದಿನ, ಮೂರು ಗಂಟೆಗೆ ಗುಡುಗಿನ ಮೋಡವಾಗಿ ನೆತ್ತಿಯ ಮೇಲೆ ನಿಲ್ಲುತ್ತದೆ. ಸುತ್ತಲೂ ಮರವಿಲ್ಲದ ಬಂಡೆಯ ತುದಿಯಲ್ಲಿ ಆಗ ಎಲ್ಲಕ್ಕಿಂತ ಎತ್ತರವಾಗಿ ನಿಂತಿರುವುದು ಮನುಷ್ಯನೇ. ಮಿಂಚು ಕಂಡು ಗುಡುಗು ಕೇಳುವುದರೊಳಗೆ ಮೂರು ಸೆಕೆಂಡು ಕಳೆದರೆ ಸಿಡಿಲು ಒಂದು ಕಿಲೋಮೀಟರ್ ದೂರದಲ್ಲಿದೆಯೆಂದು ಲೆಕ್ಕ. ಆದರೆ ಮುಂದಿನ ಸಿಡಿಲು ಹಿಂದಿನ ಸಿಡಿಲಿನ ಜಾಗದಲ್ಲೇ ಬೀಳಬೇಕೆಂಬ ನಿಯಮವೇನೂ ಇಲ್ಲ. ಆದುದರಿಂದ ತುದಿಯಲ್ಲಿ ನಿಂತು ಸೆಕೆಂಡು ಎಣಿಸುವುದಕ್ಕಿಂತ ಮೋಡ ಕಟ್ಟುವ ಮೊದಲೇ ಇಳಿದಿರುವುದು ಲೇಸು.

ಇಷ್ಟಾದರೂ ಇದು ಕಣ್ಣಿಗೆ ಕಾಣುವ ಹವೆ. ಕನಕಪುರದ ಸಂಗಮ ಮೇಕೆದಾಟುಗಳಲ್ಲಿ ಕಾಣದ ಹವೆಯೊಂದು ಕೆಲಸ ಮಾಡುತ್ತದೆ. ಅರ್ಕಾವತಿ ನಂದಿಬೆಟ್ಟದಲ್ಲಿ ಹುಟ್ಟಿ, ಮಾಗಡಿಯ ಮಂಚನಬೆಲೆ, ಕನಕಪುರದ ಹಾರೋಬೆಲೆ ಜಲಾಶಯಗಳನ್ನು ಹಾದು ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ಅಲ್ಲಿಂದ ಸುಮಾರು ನಾಲ್ಕು ಕಿಲೋಮೀಟರು ಕೆಳಗೆ ಕಾವೇರಿ ಇಕ್ಕಟ್ಟಾದ ಕಲ್ಲಿನ ಕೊರಕಲಿನಲ್ಲಿ ತನ್ನನ್ನು ತಾನು ತುರುಕಿಕೊಂಡು ಹರಿಯುತ್ತದೆ. ಇಲ್ಲಿ ಆಕಾಶ ತಿಳಿಯಾಗಿರಬಹುದು, ಬಿಸಿಲು ಸುಡುತ್ತಿರಬಹುದು. ಆದರೆ ಕೊಡಗಿನಲ್ಲಿ ಮಳೆ ಹಿಡಿದು, ಕನ್ನಂಬಾಡಿಯ ಕಟ್ಟೆ ತನ್ನ 124.80 ಅಡಿಯ ಗರಿಷ್ಠ ಮಟ್ಟವನ್ನು ಮುಟ್ಟಿ, ವಯನಾಡಿನ ಮಳೆಯಿಂದ ಕಬಿನಿಯೂ ತುಂಬಿ, ಎರಡೂ ಕಡೆ ತೂಬುಗಳನ್ನು ಎತ್ತಿದರೆ, ಆ ನೀರು ಇಲ್ಲಿಯ ಬಿಸಿಲನ್ನು ಲೆಕ್ಕಿಸದೆ ಬಂದೇ ಬರುತ್ತದೆ. ಬೇಸಿಗೆಯಲ್ಲಿ ಮಕ್ಕಳು ಕುಳಿತು ಕಾಲಾಡಿಸಿದ ಬಂಡೆ ಆಷಾಢದಲ್ಲಿ ನೀರಿನ ತಳದಲ್ಲಿರುತ್ತದೆ. ನದಿ ಕೊರೆದ ಆ ಬಂಡೆಗಳ ಗುಂಡಿಗಳು ಮೇಲೆ ಶಾಂತವಾಗಿದ್ದು ಒಳಗೆ ಸುಳಿಯನ್ನಿಟ್ಟುಕೊಂಡಿರುತ್ತವೆ. ಈಜು ಬಲ್ಲವರೂ ಅಲ್ಲಿ ಪ್ರಾಣ ಬಿಟ್ಟಿದ್ದಾರೆ. ಇನ್ನು ನೀರು ದೂರದಿಂದಲೇ ಬರಬೇಕೆಂದೂ ಇಲ್ಲ. 2022ರ ಆಗಸ್ಟ್ ಕೊನೆಯಲ್ಲಿ ರಾಮನಗರದ ಸುತ್ತ ಸುರಿದ ಮಳೆಗೆ ಕೆರೆಗಳು ತುಂಬಿ ಹರಿದು, ಬೆಂಗಳೂರು ಮೈಸೂರು ಹೆದ್ದಾರಿಯೇ ಹೊಳೆಯಾಗಿ ವಾಹನಗಳು ನೀರಿನಲ್ಲಿ ಮುಳುಗಿದುದನ್ನು ನಾಡೆಲ್ಲ ಕಂಡಿತು. ಬರದ ಸೀಮೆಯೆಂದು ಹೆಸರಾದ ನೆಲದ ಹವೆಯನ್ನು ಹಗುರವಾಗಿ ಕಾಣುವಂತಿಲ್ಲವೆಂಬುದಕ್ಕೆ ಇದಕ್ಕಿಂತ ಪ್ರಬಲವಾದ ಪ್ರಮಾಣ ಬೇಕಿಲ್ಲ.

ಇಂತಹ ಹವೆಯೊಡನೆ ಬಾಳಬೇಕಾದವರು ಅದನ್ನು ಓದಲು ಕಲಿಯದೆ ವಿಧಿಯಿಲ್ಲ. ರಾಮನಗರ ಕನಕಪುರಗಳ ರೇಷ್ಮೆ ಬೆಳೆಗಾರನನ್ನು ನೋಡಿ. ಹುಳುವಿಗೆ ಒದ್ದೆಸೊಪ್ಪು ಹಾಕಿದರೆ ಸಪ್ಪೆರೋಗ. ತಂಪು ತೇವ ಹೆಚ್ಚಿದರೆ ಸುಣ್ಣಕಟ್ಟು ರೋಗ. ಹುಳು ಹಣ್ಣಾಗಿ ಚಂದ್ರಿಕೆಗೆ ಏರಿದ ದಿನಗಳಲ್ಲಿ ಗಾಳಿಯಾಡದೆ ಶೀತ ಕವಿದರೆ ಗೂಡಿನ ನೂಲು ಸರಿಯಾಗಿ ಬಿಚ್ಚಿಕೊಳ್ಳುವುದಿಲ್ಲ. ಒಂದು ತಿಂಗಳ ದುಡಿಮೆ ಎರಡು ದಿನದ ಮೋಡದ ಮೇಲೆ ನಿಂತಿರುವಾಗ ಆತ ಆಕಾಶದ ಕಡೆ ನೋಡದೆ ಒಂದು ಬುಟ್ಟಿ ಸೊಪ್ಪನ್ನೂ ಕೊಯ್ಯುವುದಿಲ್ಲ. ಕುರಿ ಕಾಯುವವನು, ಹೊಲ ಉಳುವವನು, ಸಂಗಮದಲ್ಲಿ ಹರಿಗೋಲು ಹಾಕುವವನು, ಇವರೆಲ್ಲರಲ್ಲೂ ಇದೇ ವಿದ್ಯೆ ಬೇರೆ ಬೇರೆ ರೂಪದಲ್ಲಿ ಮನೆಮಾಡಿದೆ. ಯಾವ ಮೂಲೆಯಲ್ಲಿ ಕಪ್ಪು ಕಟ್ಟಿದರೆ ಮಳೆ ಇತ್ತ ತಿರುಗುತ್ತದೆ, ಯಾವ ಮೂಲೆಯದು ಗುಡುಗಿ ಹೋಗಿಬಿಡುತ್ತದೆ, ನೀರಿನ ಬಣ್ಣ ಹೇಗೆ ತಿರುಗಿದರೆ ಮೇಲಿನಿಂದ ಹೊಸ ನೀರು ಬಂದಿದೆಯೆಂದು ತಿಳಿಯಬೇಕು ಎಂಬ ವಿಷಯದಲ್ಲಿ ಅವರ ತೀರ್ಮಾನ ಎಂದೂ ತಪ್ಪುವುದಿಲ್ಲವೆಂದು ನಾನು ಹೇಳಲಾರೆ. ಆದರೆ ಆ ಒಂದು ಜಾಗಕ್ಕೆ ಸಂಬಂಧಿಸಿದಷ್ಟು ಮಟ್ಟಿಗೆ ಅವರ ತೀರ್ಮಾನ ಅತಿಥಿಯ ತೀರ್ಮಾನಕ್ಕಿಂತ ಮೇಲೆಂಬುದರಲ್ಲಿ ಸಂದೇಹವಿಲ್ಲ.

ಹೊರಗಿನಿಂದ ಬಂದವರೂ ಈ ಬೆಟ್ಟದ ಹವೆಗೆ ತಾಳ್ಮೆಯಿಂದ ಒಳಪಟ್ಟ ಉದಾಹರಣೆ ಇದೇ ನೆಲದಲ್ಲಿ ಉಂಟು. 1973ರ ಅಕ್ಟೋಬರಿನಲ್ಲಿ ‘ಶೋಲೆ’ ಚಿತ್ರದ ತಂಡ ರಾಮದೇವರ ಬೆಟ್ಟದ ಬುಡದಲ್ಲಿ ಒಂದು ಊರನ್ನೇ ಕಟ್ಟಿಕೊಂಡು ಕೆಲಸಕ್ಕೆ ತೊಡಗಿತು. ಠಾಕೂರನ ಮನೆಯವರ ಹತ್ಯೆಯ ಸನ್ನಿವೇಶಕ್ಕೆ ಮೋಡ ಕವಿದ ಮಬ್ಬುಬೆಳಕೇ ತಕ್ಕದ್ದೆಂದು ನಿರ್ದೇಶಕ ರಮೇಶ್ ಸಿಪ್ಪಿಯವರಿಗೆ ತೋರಿದ ಮೇಲೆ, ಬಿಸಿಲು ಬಂದ ದಿನ ಕ್ಯಾಮರಾ ನಿಲ್ಲಿಸಿ ಮೋಡಕ್ಕಾಗಿ ಕಾದರು. ಸಂಜೆಯ ದೀಪ ಹಚ್ಚುವ ದೃಶ್ಯಕ್ಕಾಗಿ ದಿನಕ್ಕೆ ಕೆಲವೇ ನಿಮಿಷ ದೊರೆಯುವ ಬೆಳಕನ್ನು ಎಷ್ಟೋ ಸಂಜೆಗಳು ಕಾದರು. ಆ ಕಾಯುವಿಕೆಗೆ ಹಣ ಅಪಾರವಾಗಿ ಖರ್ಚಾಯಿತು. 1975ರ ಆಗಸ್ಟ್ 15ರಂದು ತೆರೆಗೆ ಬಂದ ಚಿತ್ರದ ಕೀರ್ತಿಯಲ್ಲಿ ಆ ಬೆಳಕಿನ ಪಾಲೂ ಉಂಟು. ಆ ಬಂಡೆಗಳನ್ನು ನೋಡಲೆಂದು ಇಂದು ಬರುವವರು ಚಿತ್ರದ ಸಂಭಾಷಣೆಯನ್ನು ಬಲ್ಲರು, ಅದರ ತಾಳ್ಮೆಯನ್ನು ಅರಿಯರು. 2023ರ ಮಾರ್ಚಿನಲ್ಲಿ ಹೊಸ ಹೆದ್ದಾರಿ ತೆರೆದ ಮೇಲೆ ದಾರಿ ಇನ್ನಷ್ಟು ಹತ್ತಿರವಾಯಿತು. ದಾರಿ ಹತ್ತಿರವಾದಷ್ಟೂ ಬಿಡುವು ಹೆಚ್ಚಬೇಕಾಗಿತ್ತು. ಆದುದು ಅದಕ್ಕೆ ವಿರುದ್ಧ. ಒಂದು ದಿನಕ್ಕೆ ಎರಡು ಬೆಟ್ಟ, ಒಂದು ಹೊಳೆ, ಒಂದು ಜಲಪಾತವೆಂದು ಲೆಕ್ಕ ಹಾಕಿ ಬಂದವರಿಗೆ ಮಳೆ ನಿಲ್ಲುವವರೆಗೆ ಚಾವಡಿಯಲ್ಲಿ ಒಂದು ಗಂಟೆ ಕೂರುವುದು ಸಹ ನಷ್ಟವಾಗಿ ಕಾಣುತ್ತದೆ.

ಇಲ್ಲಿ ಆಲ್ಪ್ಸಿನ ಒಂದು ಪ್ರಸಂಗವನ್ನು ನೆನೆಯುವುದು ಪ್ರಯೋಜನಕರ. ಮೋಂಬ್ಲಾಂ ಬುಡದ ಶಾಮೊನಿ ಎಂಬ ಹಳ್ಳಿ, 1786ರಲ್ಲಿ ಆ ಊರಿನ ಜಾಕ್ ಬಾಲ್ಮಾ ಮತ್ತು ವೈದ್ಯ ಪಕ್ಕಾರ್ ಎಂಬ ಇಬ್ಬರು ಶಿಖರವನ್ನು ಮೊದಲು ಮುಟ್ಟಿದ ಮೇಲೆ, ದೂರದೂರದ ಪ್ರವಾಸಿಗಳಿಗೆ ಯಾತ್ರಾಸ್ಥಳವಾಯಿತು. ಹೊಲಮನೆಯ ರೈತರೇ ದಾರಿತೋರುಗರಾದರು. 1820ರ ಆಗಸ್ಟಿನಲ್ಲಿ ಹಾಮೆಲ್ ಎಂಬ ವಿದ್ವಾಂಸ ಒಂದು ತಂಡವನ್ನು ಕಟ್ಟಿಕೊಂಡು ಹೊರಟಾಗ ನಡುದಾರಿಯಲ್ಲಿ ಹವೆ ಕೆಟ್ಟಿತು. ಹೊಸ ಹಿಮ ಬಿತ್ತು. ಮುಂದೆ ಹೋಗುವುದು ತರವಲ್ಲವೆಂದು ದಾರಿತೋರುಗರು ಹೇಳಿದರು. ಅತಿಥಿಯ ಒತ್ತಾಯ ಗೆದ್ದಿತು. ಹಿಮ ಕುಸಿದು ಮೂವರು ದಾರಿತೋರುಗರು ಕಂದರದಲ್ಲಿ ಹೂತುಹೋದರು. ನಾಲ್ವತ್ತು ವರ್ಷಗಳ ಮೇಲೆ ಹಿಮನದಿ ಕರಗಿ ಅವರ ಅವಶೇಷಗಳನ್ನು ಕೆಳಗೆ ಹೊರಹಾಕಿತು. ಅಪಾಯವನ್ನು ಬಲ್ಲವರು ಅದನ್ನು ಬಾಯಿಬಿಟ್ಟು ಹೇಳಿದ್ದರು. ಆದರೆ ಕೂಲಿ ಕೊಡುವವನ ಮುಂದೆ ಅವರ ಅರಿವಿಗೆ ಅಧಿಕಾರವಿರಲಿಲ್ಲ. ಮರುವರ್ಷವೇ, 1821ರಲ್ಲಿ, ಶಾಮೊನಿಯ ದಾರಿತೋರುಗರು ತಮ್ಮದೇ ಸಂಘವನ್ನು ಕಟ್ಟಿಕೊಂಡು, ಸತ್ತವರ, ಗಾಯಗೊಂಡವರ ಕುಟುಂಬಗಳಿಗಾಗಿ ನಿಧಿಯನ್ನು ಏರ್ಪಡಿಸಿದರು. ಆ ಸಂಘ ಇಂದಿಗೂ ಇದೆ. ಪರ್ವತಾರೋಹಣದ ಚರಿತ್ರೆಯಲ್ಲಿ ಶಿಖರಗಳನ್ನು ಗೆದ್ದ ವರ್ಷಗಳನ್ನು ಎಲ್ಲರೂ ಬಾಯಿಪಾಠ ಮಾಡುತ್ತಾರೆ. ಬೆಟ್ಟದೂರಿನ ಚರಿತ್ರೆಯಲ್ಲಿ ಹೆಚ್ಚು ಬೆಲೆಯುಳ್ಳದ್ದು ಈ 1821ನೆಯ ವರ್ಷವೆಂದು ನಾನು ತಿಳಿಯುತ್ತೇನೆ. ಅತಿಥಿಯ ಹಣವನ್ನು ಎದುರಿಸಿ ‘ಬೇಡ’ ಎನ್ನುವ ಶಕ್ತಿ ಒಬ್ಬೊಬ್ಬನಲ್ಲಿ ಇರುವುದಿಲ್ಲ, ಊರು ಒಟ್ಟಾದಾಗ ಇರುತ್ತದೆ ಎಂಬುದನ್ನು ಅದು ತೋರಿಸಿಕೊಟ್ಟಿತು.

ನಮ್ಮ ಬೆಟ್ಟಗಳ ಬುಡದಲ್ಲಿ ಈ ಶಕ್ತಿ ಇನ್ನೂ ಬಂದಿಲ್ಲ. ಸಾವನದುರ್ಗದ ವೀರಭದ್ರಸ್ವಾಮಿ ದೇವಾಲಯದ ಬಳಿ ಮಳೆಗಾಲದ ಒಂದು ಭಾನುವಾರ ನಿಂತು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಸೌತೆಕಾಯಿಯನ್ನು ಉದ್ದಕ್ಕೆ ಸೀಳಿ ಉಪ್ಪುಖಾರ ಸವರಿ ಕೊಡುವ ಹೆಂಗಸು ಕೈಗೆಲಸ ಮಾಡುತ್ತಲೇ ಕಣ್ಣೆತ್ತಿ ಬಿಳಿಗುಡ್ಡದ ಹಿಂದಣ ಕಪ್ಪನ್ನು ಒಮ್ಮೆ ನೋಡುತ್ತಾಳೆ. ತಲೆಯ ಮೇಲೆ ಟಾರ್ಪಾಲಿನ ಹಾಳೆ ಪಟಪಟನೆ ಬಡಿದುಕೊಳ್ಳುತ್ತಿರುತ್ತದೆ. ಹುಡುಗರ ಗುಂಪೊಂದು ಕರಿಗುಡ್ಡದ ತುದಿಯ ನಂದಿಮಂಟಪಕ್ಕೆ ಎಷ್ಟು ಹೊತ್ತಾಗುತ್ತದೆಂದು ಕೇಳುತ್ತದೆ. “ಬಂಡೆ ಜಾರ್ತದೆ ಕಣ್ರಪ್ಪ, ಇವತ್ತು ಬ್ಯಾಡಿ” ಎನ್ನುತ್ತಾಳೆ, ಅರ್ಧ ಸ್ವರದಲ್ಲಿ. ಅವಳ ಧ್ವನಿ ಅರ್ಧಕ್ಕೆ ನಿಲ್ಲಲು ಕಾರಣವುಂಟು: ಅವರು ಹಿಂದಿರುಗಿದರೆ ಬುಟ್ಟಿಯಲ್ಲಿ ಉಳಿದ ಸೌತೆಕಾಯಿ ನಾಳೆಗೆ ಬಾಡುತ್ತದೆ. ಹುಡುಗರು ನಕ್ಕು ಮುಂದೆ ಹೋಗುತ್ತಾರೆ, ಅವಳೂ ಮತ್ತೆ ಹೇಳುವುದಿಲ್ಲ. ಹವೆಯ ವಿಷಯದಲ್ಲಿ ಆ ಸ್ಥಳದಲ್ಲಿ ದೊರೆಯಬಹುದಾದ ಅತ್ಯುತ್ತಮ ಸಲಹೆ ಹೀಗೆ ಒಬ್ಬ ಬಡ ಹೆಂಗಸಿನ ದಿನದ ಸಂಪಾದನೆಗೆ ವಿರೋಧವಾಗಿ ನಿಂತುಕೊಂಡಿದೆ. ಇದು ಅವಳ ತಪ್ಪಲ್ಲ. ಹುಡುಗರ ತಪ್ಪು ಎಂದು ಹೇಳಿ ಮುಗಿಸುವಂತೆಯೂ ಇಲ್ಲ. ವ್ಯವಸ್ಥೆಯನ್ನು ಹಾಗೆ ಬಿಟ್ಟಿರುವ ನಮ್ಮೆಲ್ಲರ ತಪ್ಪು.

ನಿರ್ಣಯವನ್ನು ಊರಿನವರಿಗೆ ಬಿಡಬೇಕೆಂಬ ಮಾತಿಗೆ ಎರಡು ಬಗೆಯ ಆಕ್ಷೇಪಗಳು ಬರುತ್ತವೆ. ‘ನನ್ನ ಪ್ರಾಣ ನನ್ನದು, ಸಾಹಸಕ್ಕೆ ಇಳಿಯುವ ಸ್ವಾತಂತ್ರ್ಯವನ್ನು ಊರಿನವರು ಏತಕ್ಕೆ ಕಸಿಯಬೇಕು?’ ಎಂಬುದು ಮೊದಲನೆಯದು. ಸಾಹಸ ಮನುಷ್ಯನ ದೊಡ್ಡ ಗುಣವೆಂಬುದನ್ನು ನಾನು ಮನಃಪೂರ್ವಕ ಒಪ್ಪುತ್ತೇನೆ. ಅದಿಲ್ಲದ ಸಮಾಜ ಮಂಕಾಗುತ್ತದೆ. ಆದರೆ ಬಂಡೆಯ ಮಧ್ಯೆ ಸಿಕ್ಕಿಬಿದ್ದವನು ಕೂಗಿದಾಗ ಕತ್ತಲಲ್ಲಿ ಹಗ್ಗ ಹಿಡಿದು ಹತ್ತುವವರು ಅದೇ ಹಳ್ಳಿಯ ಜನ, ಅಗ್ನಿಶಾಮಕದ ನೌಕರರು, ಅರಣ್ಯದ ಕಾವಲುಗಾರರು. ಮಡುವಿನಲ್ಲಿ ಮುಳುಗಿದವನ ದೇಹವನ್ನು ಹುಡುಕಲು ನೀರಿಗಿಳಿಯುವವನು ಸಂಗಮದ ಅಂಬಿಗ. ಅವರ ಪ್ರಾಣವನ್ನೂ ಪಣಕ್ಕೆ ಇಡುವ ಕ್ರಿಯೆಯನ್ನು ಕೇವಲ ಸ್ವಂತದ್ದೆಂದು ಕರೆಯಲು ಬರುವುದಿಲ್ಲ. ಯಾರು ರಕ್ಷಣೆಗೆ ಬರಬೇಕೋ ಅವರು ತಡೆಯುವುದಕ್ಕೂ ಅರ್ಹರು.

‘ಹಾಗಾದರೆ ಸರ್ಕಾರವೇ ಮಳೆಗಾಲವಿಡೀ ಬೆಟ್ಟಗಳನ್ನು ಮುಚ್ಚಿಬಿಡಲಿ’ ಎಂಬುದು ಎರಡನೆಯ ಆಕ್ಷೇಪ. ಇದು ಸುಲಭವಾದ ದಾರಿ. ಆದುದರಿಂದಲೇ ಅಧಿಕಾರಸ್ಥರಿಗೆ ಪ್ರಿಯವಾದ ದಾರಿ. 2021ರ ಆಗಸ್ಟಿನಲ್ಲಿ ನಂದಿಬೆಟ್ಟದಲ್ಲಿ ಮಳೆಗೆ ಗುಡ್ಡ ಕುಸಿದು ರಸ್ತೆ ಕೊಚ್ಚಿಹೋದಾಗ ಮುಚ್ಚದೆ ಗತಿಯಿರಲಿಲ್ಲ. ಅಂತಹ ಸಂದರ್ಭಗಳು ಬೇರೆ. ಆದರೆ ತಿಂಗಳುಗಟ್ಟಲೆಯ ನಿಷೇಧ, ತಿಳಿಯಾದ ಹತ್ತು ದಿನಗಳನ್ನೂ ಕೆಟ್ಟ ಒಂದು ದಿನವನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತದೆ. ಊರಿನವರ ಹೊಟ್ಟೆಗೆ ಹೊಡೆಯುತ್ತದೆ. ಕದ್ದು ಹತ್ತುವವರನ್ನು ಹುಟ್ಟಿಸುತ್ತದೆ. ಕದ್ದು ಹತ್ತಿದವರಿಗೆ ಎಚ್ಚರ ಹೇಳುವವರೂ ಇರುವುದಿಲ್ಲ. 2024ರ ಜನವರಿಯಲ್ಲಿ ಕುಮಾರಪರ್ವತದ ದಾರಿಯಲ್ಲಿ ಕಂಡ ಜನಜಂಗುಳಿಯ ತರುವಾಯ ರಾಜ್ಯ ಸರ್ಕಾರ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನು ತಡೆಹಿಡಿದು, ಆ ಮೇಲೆ ಅರಣ್ಯ ವಿಹಾರ ಎಂಬ ಜಾಲತಾಣದ ಮೂಲಕ ಟಿಕೆಟು ಕೊಡುವ ಏರ್ಪಾಡನ್ನು ತಂದಿತು. ಜನಸಂಖ್ಯೆಯನ್ನು ಮಿತಗೊಳಿಸಲು ಇದು ಒಳ್ಳೆಯ ಕ್ರಮ. ಆದರೆ ದಿನಾಂಕ ನಮೂದಾದ ಟಿಕೆಟು ಆ ದಿನವೇ ಹತ್ತಬೇಕೆಂಬ ಹಟವನ್ನು ಇನ್ನಷ್ಟು ಗಟ್ಟಿ ಮಾಡುತ್ತದೆಂಬುದನ್ನು ಮರೆಯಬಾರದು. ಹವೆ ಕೆಟ್ಟಿತೆಂದು ಬುಡದಲ್ಲಿ ತಡೆದವನ ಟಿಕೆಟು ಮುಂದೊಂದು ದಿನಕ್ಕೆ ಯಾವ ತಕರಾರೂ ಇಲ್ಲದೆ ಸಲ್ಲುವಂತಿದ್ದರೆ, ಹಿಂದಿರುಗುವುದು ಅವನಿಗೆ ಸೋಲಾಗಿ ತೋರುವುದಿಲ್ಲ.

ಆಗಬೇಕಾದುದು ಇಷ್ಟು. ಬೆಟ್ಟದ ಬುಡದ ಪ್ರತಿಯೊಂದು ಊರಿನಲ್ಲಿ ದಾರಿತೋರುಗರ, ಅಂಗಡಿಯವರ, ಅಂಬಿಗರ ಒಂದು ಸಂಘ ಇರತಕ್ಕದ್ದು. ಆ ದಿನ ಬೆಟ್ಟ ತೆರೆದಿದೆಯೆ ಮುಚ್ಚಿದೆಯೆ ಎಂಬುದನ್ನು ಬೆಳಿಗ್ಗೆ ಮತ್ತು ಮಧ್ಯಾಹ್ನ ಹಲಗೆಯ ಮೇಲೆ ಬರೆಯುವ ಅಧಿಕಾರ ಆ ಸಂಘದ್ದಾಗತಕ್ಕದ್ದು. ಅರಣ್ಯ ಇಲಾಖೆಯೂ ಪೊಲೀಸರೂ ಅದಕ್ಕೆ ಬೆಂಬಲವಾಗಿ ನಿಲ್ಲತಕ್ಕದ್ದು. ಪ್ರವೇಶಶುಲ್ಕದ ಒಂದು ಪಾಲು ಸಂಘದ ನಿಧಿಗೆ ಸೇರಿ, ಬೆಟ್ಟ ಮುಚ್ಚಿದ ದಿನದ ಕೂಲಿಯೂ ರಕ್ಷಣೆಗೆ ಹೋದವರ ವಿಮೆಯೂ ಅದರಿಂದ ನಡೆಯತಕ್ಕದ್ದು. ಊರಿನ ಕಣ್ಣಿನ ಜೊತೆಗೆ ವಿಜ್ಞಾನದ ಕಣ್ಣೂ ಸೇರಬೇಕು. ಅದಕ್ಕೆ ಬೇಕಾದ ಸಾಧನಗಳು ನಮ್ಮಲ್ಲಿ ಆಗಲೇ ಇವೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿ ಮಳೆಮಾಪಕಗಳನ್ನಿರಿಸಿ ರೈತರಿಗೆ ವರುಣಮಿತ್ರ ಸಹಾಯವಾಣಿಯನ್ನು ನಡೆಸುತ್ತಿದೆ. ಸಿಡಿಲಿನ ಮುನ್ನೆಚ್ಚರಿಕೆಗಾಗಿ ‘ಸಿಡಿಲು’ ಎಂಬ ಆ್ಯಪನ್ನು ಹೊರತಂದಿದೆ. ಹವಾಮಾನ ಇಲಾಖೆ 24 ಗಂಟೆಗಳಲ್ಲಿ 64.5 ಮಿಲಿಮೀಟರಿಗೆ ಮಿಕ್ಕ ಮಳೆಯನ್ನು ಭಾರಿ ಮಳೆಯೆಂದು ವರ್ಗೀಕರಿಸಿ ಬಣ್ಣದ ಎಚ್ಚರಿಕೆ ಕೊಡುತ್ತದೆ. ಇವು ಜಿಲ್ಲೆಯ, ಹೆಚ್ಚೆಂದರೆ ಪಂಚಾಯಿತಿಯ ಮಟ್ಟದಲ್ಲಿ ಮಾತನಾಡುತ್ತವೆ. ಆ ಬಂಡೆಯ ಮಾತನ್ನು ಹೇಳಬಲ್ಲವರು ಆ ಬಂಡೆಯ ಬುಡದವರು. ಎರಡೂ ಒಂದೇ ಹಲಗೆಯ ಮೇಲೆ ಸೇರಿದರೆ ಅದಕ್ಕಿಂತ ನಂಬತಕ್ಕ ಮಾತು ಇನ್ನಾವುದಿದ್ದೀತು?

ಬೆಟ್ಟ ಮುಚ್ಚಿದ ದಿನ ಊರು ತೆರೆದಿರಬೇಕೆಂಬುದೂ ಇಷ್ಟೇ ಮುಖ್ಯ. ಈ ಸೀಮೆಯಲ್ಲಿ ಅದಕ್ಕೆ ಕೊರತೆಯೇ ಇಲ್ಲ. ಎಚ್. ಎಲ್. ನಾಗೇಗೌಡರು ನಾಡಿನ ಮೂಲೆಮೂಲೆಯ ಪದಾರ್ಥಗಳನ್ನೂ ಕಲೆಗಳನ್ನೂ ಕೂಡಿಸಿ 1994ರಲ್ಲಿ ಸ್ಥಾಪಿಸಿದ ಜಾನಪದ ಲೋಕ ರಾಮನಗರದ ಹೆದ್ದಾರಿಯ ಪಕ್ಕದಲ್ಲೇ ಇದೆ. ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ರೈತನ ತಿಂಗಳ ದುಡಿಮೆ ಬಿಳಿಯ ಹಳದಿಯ ರಾಶಿಗಳಾಗಿ ಹರಾಜಿಗೆ ಬಂದಿರುತ್ತದೆ. ಚನ್ನಪಟ್ಟಣದ ಕುಶಲಕರ್ಮಿ ಹಾಲೆಮರದ ತುಂಡನ್ನು ಚರಕಿಗೆ ಕೊಟ್ಟು, ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿ, ಉಜ್ಜಿದ ಬಿಸಿಗೇ ಬಣ್ಣ ಕರಗಿ ಮೈಗೂಡುವಂತೆ ಮಾಡಿ, ತಾಳೆಗರಿಯಿಂದ ಹೊಳಪು ಕೊಡುವುದನ್ನು ಕಣ್ಣಾರೆ ಕಂಡವರು ಬೊಂಬೆಯನ್ನು ಅಗ್ಗದ ಆಟಿಕೆಯೆಂದು ಮತ್ತೆಂದೂ ಎಣಿಸುವುದಿಲ್ಲ. ಮಾಗಡಿಯಲ್ಲಿ ಕೆಂಪೇಗೌಡರ ವಂಶದವರ ಕೋಟೆ, ಸೋಮೇಶ್ವರ ದೇವಾಲಯ, ತಿರುಮಲೆಯ ರಂಗನಾಥಸ್ವಾಮಿಯ ಗುಡಿ ಇವೆ; 1728ರಲ್ಲಿ ಮೈಸೂರಿನವರಿಗೆ, 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯಕ್ಕೆ ಸಾವನದುರ್ಗ ವಶವಾದ ಕಥೆಯನ್ನು ಬುಡದಲ್ಲೇ ನಿಂತು ಕೇಳಬಹುದು. ಮಳೆಯ ದಿನವನ್ನು ಹೀಗೆ ಕಳೆದವನು ಬೆಟ್ಟವನ್ನು ನೋಡದೆ ಹೋದನೆಂದು ಹೇಳಲಾಗದು. ಬೆಟ್ಟವನ್ನು ಆಶ್ರಯಿಸಿ ಬಾಳಿದ ಜನವನ್ನು ಅವನು ಕಂಡಿರುತ್ತಾನೆ, ಮತ್ತು ತನ್ನ ಹಣವನ್ನು ಹೆದ್ದಾರಿಯ ಉಪಾಹಾರಗೃಹದಲ್ಲಿ ಚೆಲ್ಲದೆ ಅವರ ಕೈಗೇ ಕೊಟ್ಟಿರುತ್ತಾನೆ.

ಆತಿಥ್ಯವೆಂದರೆ ಬಂದವರು ಬಯಸಿದುದನ್ನೆಲ್ಲ ಬಯಸಿದ ಗಳಿಗೆಯಲ್ಲಿ ಒದಗಿಸುವುದೆಂಬ ಭಾವನೆ ಪೇಟೆಯ ವ್ಯಾಪಾರದಿಂದ ಬಂದುದು. ನಮ್ಮ ಹಿರಿಯರ ಮನೆಗಳಲ್ಲಿ ಅತಿಥಿಯನ್ನು ಹೊತ್ತು ಮುಳುಗಿದ ಮೇಲೆ ದಾರಿಗೆ ಬಿಡುತ್ತಿರಲಿಲ್ಲ. ‘ಇಂದು ಇದ್ದು ನಾಳೆ ಹೊರಡಿ’ ಎಂದು ತಡೆಯುವುದೇ ಅಂದಿನ ಉಪಚಾರವಾಗಿತ್ತು. ಅದನ್ನು ಯಾವ ಅತಿಥಿಯೂ ತನ್ನ ಸ್ವಾತಂತ್ರ್ಯದ ಹರಣವೆಂದು ತಿಳಿಯಲಿಲ್ಲ. ಬೆಟ್ಟದೂರುಗಳು ಆ ಅಧಿಕಾರವನ್ನು ಮರಳಿ ಪಡೆಯಬೇಕು. ನಾವು ಅದಕ್ಕೆ ಮನಸ್ಸಿಟ್ಟು ಒಳಪಡಬೇಕು. ಒಂದು ಬೆಟ್ಟದೂರಿನ ಪ್ರವಾಸೋದ್ಯಮ ಎಷ್ಟು ಬೆಳೆದಿದೆಯೆಂದು ತಿಳಿಯಲು ಇಲಾಖೆಗಳು ಬಂದವರ ತಲೆ ಎಣಿಸುತ್ತವೆ. ಅದರ ಜೊತೆಗೆ ಇನ್ನೊಂದು ಲೆಕ್ಕವನ್ನೂ ಇಡುವುದು ಉಚಿತ: ಹವೆ ಕೆಟ್ಟ ದಿನ ಎಷ್ಟು ಜನರನ್ನು ಬುಡದಲ್ಲೇ ತಡೆದರು, ತಡೆಸಿಕೊಂಡವರಲ್ಲಿ ಎಷ್ಟು ಜನ ಅದೇ ಊರಿಗೆ ಇನ್ನೊಮ್ಮೆ ಬಂದರು. ಈ ಎರಡು ಸಂಖ್ಯೆಗಳೂ ಏರುತ್ತಿರುವ ಊರು, ಅದು ಆಲ್ಪ್ಸಿನಲ್ಲಿರಲಿ, ಮಾಗಡಿಯಲ್ಲಿರಲಿ, ಬೆಟ್ಟದೂರೆಂಬ ಹೆಸರಿಗೆ ತಕ್ಕುದಾದ ಊರು.